ಮೊಬೈಲಿನ ಹಿತ್ತಲ ಬಾಗಿಲು



ಮುಂಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೂ ಹಿತ್ತಲ ಬಾಗಿಲ ಅಗಳಿ ತೆಗೆದಿದ್ದರೆ ಕಳ್ಳನಿಗೆ ಅಷ್ಟೇ ಸಾಕು. ಆಂಡ್ರಾಯ್ಡ್ ಮೊಬೈಲಿಗೂ ಇಂಥದೊಂದು ಹಿತ್ತಲ ಬಾಗಿಲು ಇದೆ. ಅದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊಬೈಲನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಆಂಡ್ರಾಯ್ಡ್ ಅಂಥದೊಂದು. ಹೊಸ ಆಪ್ ಪ್ಲೇ ಸ್ಟೋರ್‌ನಿಂದ ಬಂದರೆ ಅದು ಮುಂಬಾಗಿಲಿನಿಂದ ಬಂದಂತೆ. ವೆಬ್‌ಸೈಟಿನಿಂದಲೋ ವಾಟ್ಸಾಪ್‌ನಿಂದಲೋ ಇಳಿಸಿಕೊಂಡ ಫೈಲಿನಿಂದ ಬಂದರೆ ಹಿತ್ತಲಿನಿಂದ ಬಂದಂತೆ. ಆ ಫೈಲಿನ ಹೆಸರಿನ ಕೊನೆಗೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಫೋಟೋ ಒತ್ತಿದರೆ ಚಿತ್ರ ಕಾಣುತ್ತದೆ. ಎಪಿಕೆ ಒತ್ತಿ ‘ಇನ್‌ಸ್ಟಾಲ್’ ಅಂದರೆ ಹೊಸ ಆಪ್ ಫೋನಿನೊಳಗೆ ಬಂದು ಕೂಡುತ್ತದೆ.

ಆಂಡ್ರಾಯ್ಡ್ 7ರ ತನಕ ಒಂದು ಲೋಪ ಇತ್ತು. ಇಡೀ ಹಿತ್ತಲಿಗೆ ಒಂದೇ ಸ್ವಿಚ್. ಅದರ ಹೆಸರು ‘ಅನ್‌ನೋನ್ ಸೋರ್ಸಸ್’. ಯಾವುದೋ ಒಂದು ಆಟದ ಸಲುವಾಗಿ ಅದನ್ನು ಆನ್ ಮಾಡಿದರೆ, ಮತ್ತೆ ಆಫ್ ಮಾಡುವ ತನಕ ಎಲ್ಲಾ ಕಡೆಯ ಫೈಲಿಗೂ ದಾರಿ ಬಿಟ್ಟಂಗೆ. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗ ಗೂಗಲ್ ಇದನ್ನು ಬದಲಿಸಿತು. ಈಗ ವಾಟ್ಸಾಪ್‌ಗೆ ಬೇರೆ, ಕ್ರೋಮ್‌ಗೆ ಬೇರೆ ಅನುಮತಿ ಕೊಡಬೇಕು. ಆದರೆ ಒಮ್ಮೆ ಕೊಟ್ಟ ಅನುಮತಿ ನಾವು ತೆಗೆಯುವವರೆಗೂ ಉಳಿಯುತ್ತದೆ. ಹಳೇ ಫೋನುಗಳಲ್ಲಂತೂ ಅದೇ ಹಳೇ ಸ್ವಿಚ್ಚೇ ಐತಿ.

ಇದರಿಂದ ನಮಗೇನು ಅಂತ ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಳೆ ನಂಬಿ ಬಿತ್ತುವ ಮನೆಗಳೇ ಬಹಳ. ಪಿಎಂ ಕಿಸಾನ್ ಹಣ ಒಂದು ಕಂತಿಗೆ 2,000 ರೂಪಾಯಿಯಂತೆ ವರ್ಷಕ್ಕೆ ಮೂರು ಸಲ ಬ್ಯಾಂಕ್ ಖಾತೆಗೆ ಬರುತ್ತದೆ. ಬೀಜಕ್ಕೋ ಗೊಬ್ಬರಕ್ಕೋ ಅದೇ ಆಧಾರ. ಕಳ್ಳರಿಗೂ ಇದು ಗೊತ್ತು. ಅದಕ್ಕೇ ಪಿಎಂ ಕಿಸಾನ್ ಹೆಸರಿನಲ್ಲಿ ನಕಲಿ ಎಪಿಕೆ ಕಳಿಸುತ್ತಾರೆ. ಲಗ್ನಪತ್ರಿಕೆಯ ಹೆಸರಿನಲ್ಲೂ ಕಳಿಸುತ್ತಾರೆ. ಹಿಮಾಚಲ ಪ್ರದೇಶದ ಪೊಲೀಸರು 2024ರಲ್ಲೇ ಇದರ ಬಗ್ಗೆ ಜನರನ್ನು ಎಚ್ಚರಿಸಿದ್ದರು. ನಕಲಿ ಆಪ್ ಮೊದಲು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಓಟಿಪಿ ಕಳ್ಳನ ಕೈಗೆ. ನಾವು ಯಾರಿಗೂ ಓಟಿಪಿ ಹೇಳದಿದ್ದರೂ ದುಡ್ಡು ಹೋಗುವುದು ಹೀಗೆ.

ನಮ್ಮಪ್ಪನ ಫೋನಿನಲ್ಲಿ ನಾನು ಮೊನ್ನೆ ನೋಡಿದೆ. ನೀವೂ ಹೀಗೆ ನೋಡಿರಿ:

1. ಸೆಟ್ಟಿಂಗ್ಸ್‌ಗೆ ಹೋಗಿ ‘ಇನ್‌ಸ್ಟಾಲ್ ಅನ್‌ನೋನ್ ಆಪ್ಸ್’ ಎಂದು ಹುಡುಕಿರಿ. ಎಲ್ಲದರ ಮುಂದೆಯೂ ಅನುಮತಿ ಆಫ್ ಇರಲಿ.
2. ಹಳೇ ಫೋನಾದರೆ ಸೆಕ್ಯುರಿಟಿಯೊಳಗೆ ‘ಅನ್‌ನೋನ್ ಸೋರ್ಸಸ್’ ಆಫ್ ಮಾಡಿರಿ.
3. ಎಪಿಕೆ ಬಂದರೆ, ಕಳಿಸಿದವರು ಬೀಗರೇ ಆದರೂ ಒತ್ತಬೇಡಿ. ಅವರ ಫೋನೇ ಕಳ್ಳರ ಕೈಯಲ್ಲಿ ಇರಬಹುದು. ಮಾತಾಡಿ ಕೇಳಿರಿ.
4. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಬೇಗ ಹೇಳಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಓದು ಬಾರದ ಅಜ್ಜ ಅಜ್ಜಿಯರ ಫೋನನ್ನು ನಾವೇ ನೋಡಿಕೊಡಬೇಕು. ಎರಡು ನಿಮಿಷದ ಕೆಲಸ, ಇವತ್ತು ಸಂಜೆಯೇ ಮಾಡಿರಿ.