ತುರ್ತು ಪರಿಸ್ಥಿತಿ ಮತ್ತು ವ್ಯಾಪಾರದ ಹಕ್ಕು: ವರ್ತಕರು ತಿಳಿದಿರಬೇಕಾದ ಅಂಶಗಳು

2020ರ ಮಾರ್ಚ್‌ನಲ್ಲಿ ಅಂಗಡಿ, ಕಾರ್ಖಾನೆಗಳು ಮುಚ್ಚಿದಾಗ ಅನೇಕ ವರ್ತಕರು ಅದನ್ನು ತುರ್ತು ಪರಿಸ್ಥಿತಿಯೆಂದೇ ಭಾವಿಸಿದ್ದರು. ವಾಸ್ತವವಾಗಿ ಆ ನಿರ್ಬಂಧಗಳಿಗೆ ಮುಖ್ಯ ಆಧಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ. ರಾಷ್ಟ್ರಪತಿಗಳು ಆಗ ಯಾವುದೇ ತುರ್ತು ಪರಿಸ್ಥಿತಿಯನ್ನು ಘೋಷಿಸಿರಲಿಲ್ಲ. ಈ ವ್ಯತ್ಯಾಸವನ್ನು ಅರಿಯುವುದು ಅವಶ್ಯಕ.

ಸಂವಿಧಾನದಲ್ಲಿ ಮೂರು ಬಗೆಯ ಘೋಷಣೆಗಳಿವೆ. 352ನೇ ಅನುಚ್ಛೇದದ್ದು ರಾಷ್ಟ್ರೀಯ ತುರ್ತು ಪರಿಸ್ಥಿತಿ. ಇದು 1962, 1971 ಮತ್ತು 1975ರಲ್ಲಿ ಜಾರಿಯಾಯಿತು. 356ನೆಯದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ. 1989ರಲ್ಲಿ ನಮ್ಮ ಬೊಮ್ಮಾಯಿ ಸರ್ಕಾರ ವಜಾಗೊಂಡದ್ದು ಇದರಡಿ. ಇಂತಹ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದು ಆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 1994ರಲ್ಲಿ ತೀರ್ಪಿತ್ತಿತು. 360ನೆಯದು ಹಣಕಾಸಿನ ತುರ್ತು ಪರಿಸ್ಥಿತಿ. ಇದು ಇದುವರೆಗೆ ಒಮ್ಮೆಯೂ ಜಾರಿಯಾಗಿಲ್ಲ.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಘೋಷಣೆಗೆ ಸಹಿ ಹಾಕಿದರು. ಕೇಂದ್ರ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಕಾರಣವೆಂದು ನಮೂದಿಸಿದ್ದು ‘ಆಂತರಿಕ ಕ್ಷೋಭೆ’ ಎಂಬ ಅಸ್ಪಷ್ಟ ಪದ. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲಿಯೇ ಬಂಧಿತರಾದರು. ನಮ್ಮ ಜಿಲ್ಲೆಯ ಬಿ.ಎಸ್. ಯಡಿಯೂರಪ್ಪನವರು ಶಿವಮೊಗ್ಗ, ಬಳ್ಳಾರಿ ಜೈಲುಗಳಲ್ಲಿದ್ದರು. ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ಸ್ವೀಕರಿಸಬಹುದೆಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ನೀಡಿದರು.

ಈ ಅನುಭವದ ಫಲವೇ 1978ರ 44ನೇ ತಿದ್ದುಪಡಿ. ಅದರ ಮುಖ್ಯಾಂಶಗಳು ಹೀಗಿವೆ:

1. ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ಬಂಡಾಯ, ಈ ಮೂರೇ ಕಾರಣಗಳು.

2. ಸಂಪುಟದ ನಿರ್ಧಾರ ಲಿಖಿತವಾಗಿ ತಲುಪದ ಹೊರತು ರಾಷ್ಟ್ರಪತಿಗಳು ಘೋಷಿಸುವಂತಿಲ್ಲ.

3. ಒಂದು ತಿಂಗಳೊಳಗೆ ಉಭಯ ಸದನಗಳ ವಿಶೇಷ ಬಹುಮತದ ಒಪ್ಪಿಗೆ ಬೇಕು. ಮುಂದುವರಿಕೆಗೆ ಪ್ರತಿ ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ.

4. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ಅನುಚ್ಛೇದದ ಜಾರಿಯನ್ನು ಅಮಾನತಿನಲ್ಲಿಡುವಂತಿಲ್ಲ.

ವರ್ತಕರಿಗೆ ನೇರ ಸಂಬಂಧವಿರುವುದು 358ನೇ ಅನುಚ್ಛೇದ. ವ್ಯಾಪಾರ, ಉದ್ಯೋಗ ನಡೆಸುವ ಹಕ್ಕು 19ನೇ ಅನುಚ್ಛೇದದಲ್ಲಿದೆ. ಯುದ್ಧ ಅಥವಾ ಬಾಹ್ಯ ಆಕ್ರಮಣದ ಘೋಷಣೆಯಾದಾಗ ಮಾತ್ರ ಈ ಅನುಚ್ಛೇದದ ರಕ್ಷಣೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಆಗಲೂ, ತುರ್ತು ಪರಿಸ್ಥಿತಿಗೆ ಸಂಬಂಧಿಸಿದ್ದೆಂದು ತನ್ನಲ್ಲೇ ನಮೂದಿಸಿರುವ ಕಾನೂನಿಗೆ ಮಾತ್ರ ಈ ವಿನಾಯಿತಿ ಸಿಗುತ್ತದೆ. ಸಶಸ್ತ್ರ ಬಂಡಾಯದ ಸಂದರ್ಭದಲ್ಲಿ ಹಕ್ಕಿನ ಜಾರಿಯನ್ನು ತಡೆಯಲು 359ರಡಿ ರಾಷ್ಟ್ರಪತಿಗಳ ಪ್ರತ್ಯೇಕ ಆದೇಶ ಬೇಕು.

ಆದ್ದರಿಂದ ದಾಸ್ತಾನು, ಬೆಲೆ ಅಥವಾ ಸಾಗಣೆಯ ಮೇಲೆ ಯಾವುದೇ ಆದೇಶ ಬಂದಾಗ ಮೊದಲು ಅದರ ಪೀಠಿಕೆಯನ್ನು ಓದಿರಿ. ಯಾವ ಕಾಯ್ದೆ, ಯಾವ ಪ್ರಕರಣ, ಯಾವ ದಿನಾಂಕ ಎಂಬುದು ಅಲ್ಲಿರುತ್ತದೆ. ಅದನ್ನು ಪಾಲಿಸಿರಿ, ಪ್ರತಿಯನ್ನು ಲೆಕ್ಕಪತ್ರಗಳೊಡನೆ ಜೋಪಾನವಾಗಿಡಿ. ಮುಂದೆ ಪ್ರಶ್ನಿಸಬೇಕಾದರೆ ಆಧಾರ ಅದೇ.

ಶಿವಮೊಗ್ಗ ನಗರದ ಹಳೆಯ ಜೈಲು ಈಗ ಅಲ್ಲಿಲ್ಲ. ಕಾರಾಗೃಹ ಸೋಗಾನೆಗೆ ಹೋಗಿದೆ. 2023ರಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕಾಗಿ ಸೋಗಾನೆಯತ್ತ ಸಾಗುವ ಉದ್ಯಮಿಗಳು ಒಮ್ಮೆ ನೆನೆಯಬೇಕು: ಅಂದು ಬಂಧಿತರಾದವರು ಕೇಳಿದ್ದೂ ಇದೇ ಪ್ರಶ್ನೆ, ‘ಈ ಆದೇಶಕ್ಕೆ ಕಾನೂನಿನ ಆಧಾರವೇನು?’ ಅದನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಉಳಿಯಲಿ.