ಒತ್ತಿದರೂ ಮಾಸದ ಚುಕ್ಕೆ

ಮಗಳಿಗೆ ಆಗ ನಾಲ್ಕು ವರ್ಷ. ಸ್ನಾನ ಮಾಡಿಸಿ ಮೈ ಒರೆಸುವಾಗ ಕಾಲಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಸೊಳ್ಳೆ ಕಚ್ಚಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿದೆ. ಬೆಳಗಾಗುವಷ್ಟರಲ್ಲಿ ಹೊಟ್ಟೆಯ ಮೇಲೂ ಚುಕ್ಕೆ, ತೊಡೆಯ ಮೇಲೆ ನೀಲಿ ಕಲೆ. ಅತ್ತೆ ಬೆರಳಿಂದ ಒತ್ತಿ ನೋಡಿ, "ಇದು ಕಚ್ಚಿದ್ದಲ್ಲ ಕಣೇ, ಒತ್ತಿದ್ರೂ ಕೆಂಪು ಹೋಗ್ತಿಲ್ಲ" ಅಂದರು.

ಆಸ್ಪತ್ರೆಗೆ ಓಡಿ ರಕ್ತ ಪರೀಕ್ಷೆ ಮಾಡಿಸಿದರೆ, ಒಂದೂವರೆ ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಒಂಬತ್ತೇ ಸಾವಿರ. ಮಳೆಗಾಲ, ಎಲ್ಲರ ಬಾಯಲ್ಲೂ ಡೆಂಗಿ. ಪಕ್ಕದ ಮನೆಯವರು ಪಪ್ಪಾಯಿ ಎಲೆಯ ರಸ ಹಿಂಡಿ ತಂದರು. ಆದರೆ ಮಗುವಿಗೆ ಜ್ವರವಿರಲಿಲ್ಲ, ಡೆಂಗಿ ಪರೀಕ್ಷೆ ನೆಗೆಟಿವ್, ರಕ್ತದ ಉಳಿದ ಕಣಗಳೆಲ್ಲ ಸರಿಯಾಗಿದ್ದವು. "ಹೋದ ತಿಂಗಳು ಶೀತ, ಜ್ವರ ಏನಾದ್ರೂ ಬಂದಿತ್ತಾಮ್ಮ?" ಎಂದು ಡಾಕ್ಟರ್ ಕೇಳಿದರು. ಬಂದಿತ್ತು, ಮೂರು ವಾರದ ಹಿಂದೆ. ವಾಸಿಯಾಯಿತೆಂದು ನಾನು ಮರೆತೇಬಿಟ್ಟಿದ್ದೆ.

ಕಾಯಿಲೆಯ ಹೆಸರು ಐಟಿಪಿ. ವೈರಸ್ಸಿನ ವಿರುದ್ಧ ಎದ್ದ ದೇಹ ಕೆಲವೊಮ್ಮೆ ದಾರಿ ತಪ್ಪಿ ತನ್ನದೇ ಪ್ಲೇಟ್‌ಲೆಟ್‌ಗಳ ಮೇಲೂ ಪ್ರತಿಕಾಯಗಳನ್ನು ಬಿಡುತ್ತದೆ. ಅವು ಅಂಟಿಕೊಂಡ ಕಣಗಳನ್ನು ಗುಲ್ಮ ನುಂಗಿಹಾಕುತ್ತದೆ. "ಬೇರೆಯವರ ಪ್ಲೇಟ್‌ಲೆಟ್ ಹಾಕ್ಬಹುದಲ್ವಾ ಸಾರ್?" ಎಂದು ನಮ್ಮವರು ಬೇಡಿಕೊಂಡರು. ಹಾಕಿದರೂ ಅವು ಅದೇ ಗುಲ್ಮಕ್ಕೆ ತುತ್ತು. ಜೀವಕ್ಕೇ ಕುತ್ತು ತರುವಂಥ ರಕ್ತಸ್ರಾವವಾದರೆ ಮಾತ್ರ ಅದು ಎಂದರು ಡಾಕ್ಟರ್. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯ ಇಂಥ ರೋಗಿಯ ರಕ್ತವನ್ನು ತನ್ನ ಮೈಗೇ ಹಾಕಿಸಿಕೊಂಡಿದ್ದನಂತೆ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ನೆಲಕಚ್ಚಿದವು. ಕೆಡುಕು ಇರುವುದು ರೋಗಿಯ ರಕ್ತದೊಳಗೇ ಎಂಬುದು ಹಾಗೆ ತಿಳಿಯಿತು. ಆ ಮನುಷ್ಯನನ್ನು ಈಗಲೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಮೂಗಿನಿಂದಾಗಲಿ ಬಾಯಿಂದಾಗಲಿ ರಕ್ತ ಬರದ ಕಾರಣ ಔಷಧಿಯನ್ನೇ ಕೊಡಲಿಲ್ಲ. ನನಗದು ನುಂಗಲಾರದ ತುತ್ತಾಗಿತ್ತು. ಎರಡು ದಿನಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದೆ. "ರಿಪೋರ್ಟ್ ನೋಡ್ತಾ ಕೂರಬೇಡಿ, ಮಗು ನೋಡಿ" ಎಂದರು ಡಾಕ್ಟರ್. ನೋಡಬೇಕಾದ್ದನ್ನು ಹೇಳಿಕೊಟ್ಟರು: ವಸಡಿನ ರಕ್ತ, ಕಪ್ಪು ಮಲ, ಬಿಡದ ತಲೆನೋವು, ವಾಂತಿ, ಮಂಪರು. ಇವುಗಳಲ್ಲಿ ಒಂದು ಕಂಡರೂ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಮಂಚದಿಂದ ಹಾರುವಂತಿಲ್ಲ, ಜಾರುಬಂಡೆ ಇಲ್ಲ.

ನಾಲ್ಕನೇ ತಿಂಗಳಿಗೆ ಪ್ಲೇಟ್‌ಲೆಟ್ ಎರಡು ಲಕ್ಷ ದಾಟಿತು. ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳೊಳಗೆ ತಾನಾಗಿಯೇ ಹೀಗೆ ಸರಿಹೋಗುತ್ತದಂತೆ. ಆದರೂ ಅವಳಿಗೆ ನೆಗಡಿಯಾಗಿ ಹೋದ ಮೇಲೆ ಒಂದು ತಿಂಗಳು ಬಚ್ಚಲುಮನೆಯ ದೀಪ ಹಾಕಿ ಕಾಲು ನೋಡುತ್ತೇನೆ. ಈಗ ಅವಳೇ ಲಂಗ ಎತ್ತಿ ತೋರಿಸುತ್ತಾಳೆ.