ಖಾತೆ ಕ್ಲೋಸ್ ಆಗಿದೆ, ಹಣ ವಾಪಸ್ ಹೋಗಿದೆ: ಈಗ ಯಾರನ್ನು ಕೇಳಬೇಕು?

ಮುಚ್ಚಿಸಿದ ಖಾತೆಗೆ ಯಾರಾದರೂ ಹಣ ಹಾಕಿದರೆ ಏನಾಗುತ್ತೆ? ‘ಬ್ಯಾಂಕಿನವರೇ ನುಂಗಿಬಿಟ್ಟರು’ ಅನ್ನುವವರೇ ಜಾಸ್ತಿ. ಹಾಗೇನಿಲ್ಲ, ಹಣ ಕಳಿಸಿದವರ ಖಾತೆಗೇ ವಾಪಸ್ ಹೋಗುತ್ತೆ. ತೊಂದರೆ ಶುರುವಾಗೋದು ಆಮೇಲೆ. ವಾಪಸ್ ಬಂದಿದ್ದನ್ನು ಕಳಿಸಿದವರು ನೋಡಿರಲ್ಲ, ನಿಮಗೆ ಮೆಸೇಜೂ ಬರಲ್ಲ.

ನಾನು ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಮೆಕ್ಕೆಜೋಳದ ಹಣ ಹಾಕುವಾಗ ಪ್ರತಿ ಸೀಸನ್ನಿನಲ್ಲೂ ಒಂದಷ್ಟು ‘ಅಕೌಂಟ್ ಕ್ಲೋಸ್ಡ್’ ಅಂತ ವಾಪಸ್ ಬರುತ್ತವೆ. ಆ ರೈತರು ಮೊದಲು ಓಡೋದು ಹಳೇ ಬ್ಯಾಂಕಿಗೆ. ಅಲ್ಲಿ ‘ನಮ್ಮ ಹತ್ರ ಇಲ್ಲ’ ಅಂತಾರೆ, ಅದು ನಿಜಾನೇ. ಎನ್‌ಇಎಫ್‌ಟಿ ಹಣವನ್ನು ಜಮಾ ಮಾಡಲಾಗದಿದ್ದರೆ, ಆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಬ್ಯಾಂಕು ವಾಪಸ್ ಕಳಿಸಬೇಕು.

ಹಾಗಾಗಿ ಕೇಳಬೇಕಾದ್ದು ಹಣ ಕಳಿಸಿದವರನ್ನು. ಮಂಡಿಯವರು ‘ಹಾಕಿಬಿಟ್ಟಿದ್ದೀವಿ’ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಯುಟಿಆರ್ ನಂಬರ್ ಕೇಳಿ. ಎನ್‌ಇಎಫ್‌ಟಿಗೆ ಅದು 16 ಅಕ್ಷರ-ಅಂಕಿಗಳದ್ದು. ಆ ದಿನದ ಮತ್ತು ಮರುದಿನದ ಸ್ಟೇಟ್‌ಮೆಂಟ್‌ನಲ್ಲಿ ಅಷ್ಟೇ ಮೊತ್ತ ತಿರುಗಿ ಜಮಾ ಆಗಿದೆಯಾ ನೋಡಿ ಅನ್ನಿ. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿ, ಖಾತೆ ನಂಬರ್ ಬಾಯಲ್ಲಿ ಹೇಳಬೇಡಿ. ಮೊದಲು ಒಂದು ರೂಪಾಯಿ ಹಾಕಿಸಿ ನೋಡೋದು ನಮ್ಮ ಪದ್ಧತಿ.

ಸರ್ಕಾರದ ಹಣದ ದಾರಿ ಬೇರೆ. ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು ಆಧಾರ್ ನಂಬರ್ ಹಿಡಿದು ಬರುತ್ತೆ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನೋ ಪಟ್ಟಿ ಎನ್‌ಪಿಸಿಐ ಹತ್ರ ಇರುತ್ತೆ. ಹಣ ಆ ಬ್ಯಾಂಕಿಗೇ ಹೋಗುತ್ತೆ. ಹೊಸ ಬ್ಯಾಂಕಲ್ಲಿ ಖಾತೆ ತೆರೆದ ಮಾತ್ರಕ್ಕೆ ಆ ಜೋಡಣೆ ಬದಲಾಗಲ್ಲ. ಅಲ್ಲಿ ಒಪ್ಪಿಗೆ ಫಾರಂ ಕೊಟ್ಟು, ಹಳೇ ಬ್ಯಾಂಕಿನ ಹೆಸರನ್ನೂ ಬರೆದು ಬದಲಾಯಿಸಬೇಕು. ಕೆವೈಸಿಗೆ ಅಂತ ಆಧಾರ್ ಜೆರಾಕ್ಸ್ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಇಲ್ಲೇ ತುಂಬ ಜನ ಎಡವೋದು.

ಮೈಆಧಾರ್ ವೆಬ್‌ಸೈಟಿಗೆ ಓಟಿಪಿ ಹಾಕಿ ಲಾಗಿನ್ ಆದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಸಿಗುತ್ತೆ. ರಾಜ್ಯ ಸರ್ಕಾರದ ಹಣ ಎಲ್ಲಿಗೆ ಹೋಗಿದೆ ಅಂತ ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಜೋಡಣೆ ಸರಿಯಾದ ಮೇಲೂ ವಾಪಸ್ ಹೋದ ಕಂತನ್ನು ಇಲಾಖೆ ಮತ್ತೆ ಕಳಿಸಬೇಕು. ಪಿಎಂ ಕಿಸಾನ್‌ಗೆ ರೈತ ಸಂಪರ್ಕ ಕೇಂದ್ರದಲ್ಲಿ, ಬೆಳೆಹಾನಿ ಪರಿಹಾರಕ್ಕೆ ತಹಸೀಲ್ದಾರ್ ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.

ಬ್ಯಾಂಕ್ ವಿಲೀನವನ್ನು ಖಾತೆ ಮುಚ್ಚಿದ್ದು ಅಂತ ತಿಳಿಯಬೇಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಸೇರಿದವು. ಖಾತೆ ಹಾಗೇ ಮುಂದುವರಿಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಮಂಡಿಯವರ ಪುಸ್ತಕದಲ್ಲಿ ಹಳೇ ಕೋಡೇ ಇದ್ದರೆ ಅದನ್ನು ತಿದ್ದಿಸಿ.

‘ನಿಮ್ಮ ಕಂತು ವಾಪಸ್ ಬಂದಿದೆ, ಈ ಆ್ಯಪ್ ಹಾಕ್ಕೊಳ್ಳಿ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮುಟ್ಟಲೇಬೇಡಿ. ಓಟಿಪಿ ಹೇಳಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಇನ್ನು ಖಾತೆ ಮುಚ್ಚಿಸಬೇಕು ಅಂತಿರೋರು ಮೊದಲು ಆಧಾರ್ ಜೋಡಣೆ ಬದಲಾಯಿಸಿ, ಡೇರಿಗೆ, ಮಂಡಿಗೆ ಹೊಸ ನಂಬರ್ ಕೊಡಿ. ಒಂದು ಕಂತಾದರೂ ಹೊಸ ಖಾತೆಗೆ ಬೀಳಲಿ. ಆಮೇಲೆ ಹಳೇದನ್ನು ಮುಚ್ಚಿಸಿ.